ಸೋಮವಾರದ ಗುಳಿಗೆ

ನಾನು ಗಣಿತದ ಮೇಷ್ಟ್ರು. ಹೊಗಳಿಕೆ ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಆದರೆ ಮಾರ್ಕೆಟ್ ಯಾರ್ಡ್ ಹತ್ತಿರದ ನಮ್ಮ ಕನ್ನಡ ಶಾಲೆಯ ಸುಮಂಗಲಾ ಟೀಚರ್ ಮಾತು ಬಂದರೆ ಎದೆ ಉಬ್ಬುತ್ತದೆ, ಏನು ಮಾಡಲಿ?

ಗಾರೆ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಪುಣೆಗೆ ಬಂದವರ ಮಗಳು ಆಕೆ. ನನ್ನ ಕೈಯಲ್ಲೇ ಲೆಕ್ಕ ಕಲಿತು, ಇದೇ ಶಾಲೆಗೆ ಟೀಚರ್ ಆಗಿ ಬಂದಳು. ಮೈಯಲ್ಲಿ ರಕ್ತ ಹೆಚ್ಚಲೆಂದು ಹುಡುಗಿಯರಿಗೆ ಸೋಮವಾರ ಊಟವಾದ ಮೇಲೆ ಕಬ್ಬಿಣಾಂಶದ ಗುಳಿಗೆ ಕೊಡುವುದು ಆಕೆಯ ಕೆಲಸ.

ಎಂಟನೆಯ ತರಗತಿಯ ರಂಜನಾ ಖೋ-ಖೋ ಆಟದಲ್ಲಿ ಚಿಗರೆ. ಆದರೆ ಸ್ವಲ್ಪ ಓಡಿದರೆ ಕಣ್ಣಿಗೆ ಕತ್ತಲೆ ಬಂದು ಕೂತುಬಿಡುತ್ತಿದ್ದಳು. ಗುಳಿಗೆ ನುಂಗಿದರೆ ವಾಂತಿ. ಒಂದು ದಿನ ಅವಳ ತಾಯಿ ಅಂಬಾಬಾಯಿ ಶಾಲೆಗೇ ಬಂದು ರೇಗಿದಳು.

"ನನ್ನ ಮಗಳಿಗಿ ಇನ್ನ ಗುಳಿಗಿ ಕೊಡಬ್ಯಾಡ್ರಿ ಟೀಚರ್. ಆಟಾನೂ ಸಾಕು, ಬಿಡಸ್ತೀನಿ."

ಹುಡುಗಿ ಏನು ಉಣ್ಣುತ್ತಾಳೋ ನೋಡೋಣವೆಂದು ಮುಂದಿನ ಸೋಮವಾರ ಸುಮಂಗಲಾ ಊಟದ ಸಾಲಿನ ಹತ್ತಿರ ನಿಂತಳು. ರಂಜನಾ ತನ್ನ ತಾಟಿನ ಖಿಚಡಿಯನ್ನೆಲ್ಲ ಪಕ್ಕದವಳಿಗೆ ಸುರಿದಳು.

"ಇವತ್ತ ಸೋಮವಾರ ಅಲ್ರಿ ಟೀಚರ್, ಒಪ್ಪತ್ತು. ಸಂಜಿಗಿ ಉಣ್ತೀನಿ."

ಖಾಲಿ ಹೊಟ್ಟೆಗೆ ಗುಳಿಗೆ! ಸುಮಂಗಲಾಗೆ ಇದು ಹೊಳೆಯುವುದಾದರೂ ಹೇಗೆ? ಆಕೆಗೂ ಚಿಕ್ಕಂದಿನಿಂದ ಸೋಮವಾರದ ಉಪವಾಸ. ಅಂದು ಊಟದ ಹೊತ್ತಿಗೆ ಆ ಕಡೆ ಸುಳಿಯದೆ, ಎಲ್ಲರದೂ ಮುಗಿದ ಮೇಲೆ ಗುಳಿಗೆ ಹಿಡಿದು ಬರುತ್ತಿದ್ದಳು.

"ವಾರ ಬದಲಿಸಮ್ಮ, ಮುಗೀತು" ಎಂದೆ.

"ಗುಳಿಗಿ ಬುಧವಾರಕ್ಕ ಹಾಕಬಹುದ್ರಿ ಸರ್. ಆದರ ಓಡೋ ಹುಡುಗಿ ಉಪಾಸ ಇದ್ರ ರಕ್ತ ಎಲ್ಲಿಂದ ಬರಬೇಕು?"

ಮುಂದಿನ ಸೋಮವಾರ ಅಂಬಾಬಾಯಿಯನ್ನು ಕರೆಸಿದಳು. ರಂಜನಾಳ ಪಕ್ಕ ನೆಲದ ಮೇಲೆ ಕೂತು, ಖಿಚಡಿ ಹಾಕಿಸಿಕೊಂಡು, ಮೊದಲ ತುತ್ತು ತಾನೇ ಬಾಯಿಗಿಟ್ಟಳು.

"ಟೀಚರ್, ಸೋಮವಾರ ಮುರದ್ರಿ?" ಅಂಬಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮುರದೀನಿ ಯಕ್ಕಾ. ಶಿವ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಹುಡುಗಿ ಉಣ್ಲಿ."

ರಂಜನಾ ತಾಯಿಯ ಮುಖ ನೋಡಿದಳು. ತಾಯಿ ಬೇಡ ಎನ್ನಲಿಲ್ಲ. ಹುಡುಗಿ ಉಂಡಳು, ಗುಳಿಗೆ ನುಂಗಿದಳು. ವಾಂತಿ ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಶಾಲೆಗಳ ಪಂದ್ಯ. ರಂಜನಾ ಕೊನೆಯ ತನಕ ಓಡಿದಳು. ನಮಗೆ ಬಂದದ್ದು ಎರಡನೆಯ ಸ್ಥಾನ, ಆದರೂ ಈ ವಯಸ್ಸಿನಲ್ಲಿ ನಾನು ಶಿಳ್ಳೆ ಹೊಡೆದೆ.

ಮರುದಿನ ಮಧ್ಯಾಹ್ನ ಅಂಬಾಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದು ಸುಮಂಗಲಾಳ ಮುಂದಿಟ್ಟಳು. ನೀವೂ ಉಣ್ಣಿ ಎಂದರೆ ಬೇಡವೆಂದು ತಲೆಯಾಡಿಸಿದಳು.

"ನನ್ನ ಸೋಮವಾರ ನಾ ಬಿಡಾಂಗಿಲ್ರಿ. ಮಕ್ಕಳ ಸೋಮವಾರ ನಿಮ್ಮ ಕೈಯಾಗ ಕೊಟ್ಟೀನಿ."