ಕೊಕ್ಕೆ ಮಾಡಿದ ಗುಣಾಕಾರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕೊಕ್ಕೆ ಒಂದು ತಂತಿಯನ್ನು ಬಗ್ಗಿಸುತ್ತಿದ್ದ. ಕ್ವಾಂಟಂ ಕಂಪ್ಯೂಟರ್ ಕಟ್ಟುವ ಕಾರ್ಖಾನೆಯಲ್ಲಿ ಅವನ ಕೆಲಸ ಅದೇ: ಅಂತರಿಕ್ಷಕ್ಕಿಂತ ತಣ್ಣಗಿರುವ ಪೀಪಾಯಿಯೊಳಗೆ, ಮೇಲಿನಿಂದ ತಳದ ಚಿಪ್‌ವರೆಗೆ ತಂತಿ ಇಳಿಸುವುದು. ತಣಿದಾಗ ಲೋಹ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿದರೆ ಬೆಸುಗೆ ಕಿತ್ತುಬರುತ್ತದೆ. ಅದಕ್ಕೇ ಪ್ರತಿ ತಂತಿಯ ನಡುವೆ ಕೊಕ್ಕೆಯಂಥ ಬಳುಕು ಬೇಕು. ಅದು ಅವನ ಕೈಗೆ ಒಲಿದಂತೆ ಬೇರಾರಿಗೂ ಒಲಿದಿರಲಿಲ್ಲ. ಕೊಕ್ಕೆ ಎಂಬ ಅಡ್ಡಹೆಸರು ಬಂದದ್ದೂ ಹಾಗೆಯೇ.

ಎಂಜಿನಿಯರಮ್ಮ ಬಂದು ಅಂಗೈಯಗಲದ ತೆಳ್ಳನೆಯ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆಲ್ಲ ಅಚ್ಚು ಹಾಕಿದ ಲೋಹದ ಗೆರೆಗಳು.

"ದೊಡ್ಡ ಯಂತ್ರಕ್ಕೆ ಇನ್ಮೇಲೆ ಇದೇ. ನೂರು ತಂತಿ ಕೆಲಸ ಇದೊಂದೇ ಮಾಡುತ್ತೆ. ಅಷ್ಟೊಂದು ತಂತಿ ಇಳಿಸಿದ್ರೆ ಅವು ತರೋ ಬಿಸಿಗೇ ಚಿಪ್ ಕೆಡುತ್ತೆ. ನಿಮಗೆ ಗೊತ್ತಿರೋದೇ ಅಲ್ವಾ?"

ಗೊತ್ತಿತ್ತು. ಪ್ರತಿ ತಂತಿಯೂ ಹೊರಗಿನ ಬಿಸಿಯನ್ನು ಒಳಗೆ ಒಯ್ಯುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ಅವನು. ಆದರೂ ಹಿಂದಿನ ವರ್ಷ ಮನೆಯ ಊಟದ ಮೇಜಿನ ಮುಂದೆ ಕೂತು, ಯಂತ್ರ ನೂರು ಪಟ್ಟು ಬೆಳೆದರೆ ತಂತಿ ನೂರು ಪಟ್ಟು, ತಂತಿ ಇಳಿಸುವ ನಾಲ್ಕು ಜನವೂ ನೂರು ಪಟ್ಟು ಎಂದು ಗುಣಿಸಿಬಿಟ್ಟಿದ್ದ. ಆ ಮಾತು ನಂಬಿ ಹೆಂಡತಿಯ ತಂಗಿ ತನ್ನ ಟೈಲರಿಂಗ್ ಅಂಗಡಿ ಮುಚ್ಚಿ ಬೆಸುಗೆ ತರಬೇತಿಗೆ ಸೇರಿದ್ದಳು.

ಸಂಜೆ ಅವಳು ಚಪ್ಪಲಿ ಕಳಚುತ್ತಲೇ ಕೂಗಿದಳು. "ಭಾವ, ಪಾಸಾದೆ! ನಿಮ್ಮ ಪಕ್ಕದ ಕುರ್ಚಿ ನಂದು. ಕೊಕ್ಕೆ ಒಂದೇ ಇದ್ರೆ ಬಟ್ಟೆ ನಿಲ್ಲುತ್ತಾ? ಕುಣಿಕೆನೂ ಬೇಕಲ್ವಾ!"

ಅಕ್ಕ ಒಳಗಿನಿಂದಲೇ ನಕ್ಕಳು. ಅವನು ತಲೆ ಎತ್ತದೆ ಪಟ್ಟಿಯ ವಿಷಯ ಹೇಳಿದ.

"ಹಾಗಾದ್ರೆ ಈಗ ಎಷ್ಟು ಜನ ಬೇಕಂತೆ?"

"ಇರೋ ನಾಲ್ಕೇ ಸಾಕಂತೆ."

"ನಿಮ್ಮ ಕೆಲಸ?"

"ಉಳಿದಿದೆ." ಹಾಗೆನ್ನುವಾಗ ಅವನ ಕಿವಿ ಸುಟ್ಟಂತಾಯಿತು. ಹೋಗಿದೆ ಎಂದು ಹೇಳುವಂತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಬೆರಳ ತುದಿಯ ಹಳೆಯ ಸೂಜಿಗಾಯವನ್ನು ಉಜ್ಜಿಕೊಳ್ಳುತ್ತಾ ಕೂತಳು. "ಮೆಷಿನ್ ಮಾರಿಬಿಟ್ಟೆನಲ್ಲ ಭಾವ. ಅಂಗಡಿ ಯಾಕೆ ಮುಚ್ತೀಯ ಅಂದವರಿಗೆಲ್ಲ ನಿಮ್ಮ ಲೆಕ್ಕಾನೇ ಹೇಳಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನಿಗೆ ಆ ರಾತ್ರಿಯ ಊಟ ನೆನಪಾಯಿತು. ಯಾರೂ ಕೇಳಿರಲಿಲ್ಲ. ಅವನೇ ಚಮಚ ಕೆಳಗಿಟ್ಟು, ಅಡುಗೆಮನೆಗೂ ಕೇಳಿಸಲಿ ಎಂದು ದನಿ ಏರಿಸಿ ಹೇಳಿದ್ದ: "ನಾನೂರು ಜನ!"