ಕಂಪ್ಯೂಟರ್ ಬಿಸಿ ಮಾಡಿದ ಚಾಚಾ

ಬ್ರೌಸರ್ ಬಂದ್ ಮಾಡಿ ಚಾಲು ಮಾಡಿದರೂ ಹಳೇ ಟ್ಯಾಬ್‌ಗಳೆಲ್ಲ ಮತ್ತೆ ಬಂದು ಕೂತವು, ಕಂಪ್ಯೂಟರ್ ಗರ್ ಅನ್ನೋದು ನಿಲ್ಲಲಿಲ್ಲ. ಭಾಲ್ಕಿಯ ನನ್ನ ಆನ್‌ಲೈನ್ ಅಂಗಡಿಯಲ್ಲಿ ನರ್ಸಿಂಗ್ ಪರೀಕ್ಷೆಯ ಹಾಲ್ ಟಿಕೆಟ್‌ಗೆ ನಿಂತಿದ್ದ ಹುಡುಗಿ, “ಅಣ್ಣಾ, ಬಸ್ ಹೋಗ್ತದರಿ” ಎಂದು ಅಳುಮುಖ ಮಾಡಿದಳು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟರೂ ಈ ಕೆಲಸ ಸ್ವಂತ ಕಲಿತವ ನಾನು. ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಪೂರಾ ನುಂಗಿದ್ದು ಮಕ್ಕಾದ ಲೈವ್ ವಿಡಿಯೊ! ಬಾಜೂ ಅಂಗಡಿಯಲ್ಲಿ ಗಾದಿ ಹೊಲಿಯುವ ಚಾಚಾ ಹಚ್ಚಿ ಹೋಗಿದ್ದರು.

“ಚಾಚಾ, ನನ್ನ ಮಷಿನ್ ಸುಡ್ತೀರೇನ್ರಿ?” ಎಂದು ಕೂಗಿದೆ.

“ಬೇಗಂ ಹಜ್‌ಗೆ ಹೋಗ್ಯಾಳಪ್ಪಾ. ಆ ಗರ್ದಿಯಾಗ ಎಲ್ಲ್ಯಾರ ಕಾಣ್ತಾಳೇನಂತ ನೋಡ್ತಿದ್ದೆ” ಅಂದರು.

ಟ್ಯಾಬ್ ಮುಚ್ಚಿ ಪ್ರಿಂಟ್ ಕೊಟ್ಟೆ, ಹುಡುಗಿ ಬಸ್ಸಿಗೆ ಓಡಿದಳು.

ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಗಿರಾಕಿ ಇಲ್ಲದಾಗ ನಾನೇ ವಿಡಿಯೊ ಹಚ್ಚಿ ಚಾಚಾನ ಕರೀತೇನಿ. ಎಂದೂ ಮುಖ ನೋಡದ ಚಾಚಿಯನ್ನ ನಾನೂ ಹುಡುಕ್ತೇನಿ.