ಹಿಂದಕ್ಕೆ ಹೋಗದ ಕುರಿ

ಕಣದಲ್ಲಿ ಒಣಗುವ ಕಾಫಿಹಣ್ಣಿನ ಹುಳಿ ವಾಸನೆ ಬಂದರೆ ಹುಲಿ-ಕುರಿ ಆಟ ನೆನಪಾಗುತ್ತದೆ. ನೆಲದ ಮೇಲೆ ಮನೆ ಬರೆದು, ಕಲ್ಲು ನಡೆಸಿ ಆಡುವಾಗ ಅಕ್ಕನದು ಯಾವಾಗಲೂ ಹುಲಿ, ನನ್ನದು ಕುರಿ. "ಕುರಿ ಹಿಂದಕ್ಕೆ ಹೋಗೋ ಹಾಗಿಲ್ಲ" ಅನ್ನುತ್ತಿದ್ದಳು. ಸೋತವರು ಬಿಸಿಲಲ್ಲಿ ಕಣಕ್ಕಿಳಿದು, ಹರವಿದ ಕಾಫಿಹಣ್ಣು ಕೈಯಾಡಿಸಬೇಕು. ದಿನಾ ನಾನೇ. ಅಜ್ಜಿ ಎಲೆಯಡಿಕೆ ಜಗಿಯುತ್ತಾ ನನ್ನ ಕೈಗೆ ಬೆಲ್ಲದ ಚೂರು ಇಟ್ಟು, "ನಾಳೆ ಗೆಲ್ತೀಯ ಮಗಾ" ಅನ್ನುತ್ತಿದ್ದರು.

ಮೊನ್ನೆ ಮಗಳ ಎದುರು ಕಂಪ್ಯೂಟರೇ ಆಡಲಿ ಅಂತ ಅದೇ ಆಟಕ್ಕೆ ಪ್ರೋಗ್ರಾಂ ಬರೆದೆ. ಎಷ್ಟು ಆಡಿಸಿದರೂ ಕುರಿ ಒಮ್ಮೆಯೂ ಗೆಲ್ಲಲಿಲ್ಲ. ತಪ್ಪು ಹುಡುಕಿ ಸುಸ್ತಾಗಿ, ಗೋಣಿಬೀಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಕುರಿ ಹಿಂದಕ್ಕೆ ಹೋಗದ ನಿಯಮವೂ ಸೇರಿ ಎಲ್ಲ ಒಪ್ಪಿಸಿದೆ.

"ಅದನ್ನ ಇನ್ನೂ ನಂಬ್ಕೊಂಡಿದ್ದೀಯಾ ಮಾರಾಯ್ತಿ?" ಬಿದ್ದು ಬಿದ್ದು ನಕ್ಕಳು. "ಕುರಿ ಹಿಂದಕ್ಕೂ ಹೋಗ್ಬಹುದು. ನಿಂಗೆ ಹೋಗೋ ಹಾಗಿಲ್ಲ ಅಂತ ಹೇಳು ಅಂದಿದ್ದೇ ಅಜ್ಜಿ. ಇಲ್ದಿದ್ರೆ ಕಣಕ್ಕೆ ಇಳಿಯೋರು ಯಾರು?"

ಅಜ್ಜಿ! ಬೆಲ್ಲ ಕೊಡುತ್ತಿದ್ದ ಅಜ್ಜಿ!

ಪ್ರೋಗ್ರಾಂನಲ್ಲಿ ಆ ಒಂದು ಸಾಲು ಅಳಿಸಿದೆ. ಮೊದಲ ಆಟದಲ್ಲೇ ಕುರಿ ಗೆದ್ದಿತು.